ಲಾಗಿನ್ ಆಗುತ್ತದೆ, ವೇಗದ ಮಿತಿ ಬೀಳುವುದಿಲ್ಲ: ರೇಡಿಯಸ್‌ನಲ್ಲಿ ಸರಿಪಡಿಸುವುದು ಹೇಗೆ?

ಹಾಸ್ಟೆಲ್ಲಿನ ಹಳೇ ರೂಟರ್ ತೆಗೆದು ಬೇರೆ ಕಂಪನಿಯದ್ದನ್ನು ಕೂರಿಸಿದ್ದೀರಿ. ಪಾಸ್‌ವರ್ಡ್ ಪರೀಕ್ಷಿಸಿ, ಯಾರಿಗೆ ಏನು ಕೊಡಬೇಕೆಂದು ರೂಟರಿಗೆ ಹೇಳುವ ವ್ಯವಸ್ಥೆಯೇ ರೇಡಿಯಸ್. ಪಾಸ್‌ವರ್ಡ್ ಕೊಟ್ಟರೆ ಎಲ್ಲರೂ ಒಳಗೆ ಬರುತ್ತಾರೆ. ಅವರವರಿಗೆ ನಿಗದಿಯಾದ ವೇಗದ ಮಿತಿ ಮಾತ್ರ ಬೀಳುತ್ತಿಲ್ಲ. ಲಾಗ್‌ನಲ್ಲಿ ದೋಷವೇನೂ ಕಾಣದಿರಬಹುದು. 2000ದಲ್ಲಿ ಬಂದ ರೇಡಿಯಸ್‌ನ ನಿಯಮಗಳ ದಾಖಲೆ ಆರ್‌ಎಫ್‌ಸಿ 2865, ಕಂಪನಿಗಳ ಸ್ವಂತ ಸೇರ್ಪಡೆಗಳಿಗೆಂದು 26ನೇ ಆಟ್ರಿಬ್ಯೂಟ್ (ಸಂದೇಶದಲ್ಲಿ ಹೋಗುವ ಮಾಹಿತಿಯ ತುಣುಕು) ಬಿಟ್ಟುಕೊಟ್ಟಿದೆ. ಬೇಕಾದ ಸೇರ್ಪಡೆ ಸಿಗದಿದ್ದರೂ ರೂಟರ್ ಕೆಲಸ ಮುಂದುವರಿಸಲಿ ಎಂಬುದು ಅದರ ಆಶಯ. ತೊಂದರೆ ಸದ್ದಿಲ್ಲದೆ ಉಳಿಯುವುದು ಇದರಿಂದಲೇ.

ಮೊದಲು ರೇಡಿಯಸ್ ಸರ್ವರ್ ತಂತ್ರಾಂಶವಾದ ಫ್ರೀರೇಡಿಯಸ್ ಅನ್ನು ಡೀಬಗ್ ಸ್ಥಿತಿಯಲ್ಲಿ ಓಡಿಸಿ, ಒಪ್ಪಿಗೆಯ ಉತ್ತರದಲ್ಲಿ ಏನೇನು ಹೋಗುತ್ತಿದೆ ನೋಡಿ. ಪ್ರತಿ ಕಂಪನಿಗೂ ಒಂದು ಸಂಖ್ಯೆಯಿದೆ: ಸಿಸ್ಕೊಗೆ 9, ಮೈಕ್ರೋಸಾಫ್ಟ್‌ಗೆ 311, ಮೈಕ್ರೋಟಿಕ್‌ಗೆ 14988. ಮೈಕ್ರೋಟಿಕ್ ರೂಟರಿಗೆ ಸಿಸ್ಕೊ ಆಟ್ರಿಬ್ಯೂಟ್ ಹೋಗುತ್ತಿದ್ದರೆ ಕಾರಣ ಸಿಕ್ಕಂತೆಯೇ. ಅಲ್ಲಿ ‘ಮೈಕ್ರೋಟಿಕ್-ರೇಟ್-ಲಿಮಿಟ್’ ಕಳಿಸಬೇಕು. ಅದರ ಮೌಲ್ಯದಲ್ಲಿ ಓರೆಗೆರೆಯ (/) ಮೊದಲಿನದು ರೂಟರ್ ಪಡೆಯುವ ವೇಗ, ಅಂದರೆ ಬಳಕೆದಾರರ ಅಪ್‌ಲೋಡ್. ಇದನ್ನು ತಿರುವುಮುರುವು ಬರೆಯುವುದು ಬಹಳ ಸುಲಭ.

ಹೆಸರಿನ ಬದಲು ಬರೀ ಅಂಕಿಗಳು ಕಂಡರೆ ಆ ಆಟ್ರಿಬ್ಯೂಟ್ ನಿಮ್ಮ ಡಿಕ್ಷನರಿಯಲ್ಲಿ, ಅಂದರೆ ಅಂಕಿಗಳಿಗೆ ಹೆಸರು ಕೊಡುವ ಕಡತದಲ್ಲಿ, ಇಲ್ಲ ಎಂದರ್ಥ. ಕಂಪನಿಯ ಕೈಪಿಡಿ ನೋಡಿ ಸೇರಿಸಿ. ಆದರೆ ತಂತ್ರಾಂಶದ ಜೊತೆಗೆ ಬಂದ ಕಡತಗಳನ್ನು ಮುಟ್ಟಬೇಡಿ. ಮುಂದಿನ ಅಪ್‌ಡೇಟ್ ಅವನ್ನು ಅಳಿಸಿ ಬರೆಯಬಹುದು. ಸಂರಚನೆಯ ಫೋಲ್ಡರಿನಲ್ಲಿರುವ ಸ್ಥಳೀಯ ಡಿಕ್ಷನರಿ ಕಡತವಿರುವುದೇ ಇದಕ್ಕೆ. ಬದಲಿಸಿದ ಮೇಲೆ ಸರ್ವರ್ ಮತ್ತೆ ಶುರು ಮಾಡಿ.

ನಿಜವಾದ ಕಗ್ಗಂಟು ಬೈಟುಗಳಲ್ಲಿದೆ. ಕಂಪನಿ ಆಟ್ರಿಬ್ಯೂಟಿನ ಬಗೆ ಬರೆಯಲು ಒಂದು ಬೈಟ್, ಉದ್ದ ಬರೆಯಲು ಒಂದು ಬೈಟ್ ಎಂಬುದು ಆರ್‌ಎಫ್‌ಸಿಯ ಸಲಹೆ ಮಾತ್ರ, ಕಡ್ಡಾಯವಲ್ಲ. 429 ಸಂಖ್ಯೆಯ ಯುಎಸ್ ರೋಬೋಟಿಕ್ಸ್ ಕಂಪನಿ ಬಗೆ ಬರೆಯಲು ನಾಲ್ಕು ಬೈಟ್ ತೆಗೆದುಕೊಂಡು, ಉದ್ದವನ್ನು ಬರೆಯುವುದೇ ಇಲ್ಲ. ಸ್ಟಾರೆಂಟ್ ಕಂಪನಿಯ ಆಟ್ರಿಬ್ಯೂಟುಗಳು ಎರಡಕ್ಕೂ ಎರಡೆರಡು ಬೈಟ್ ಬಳಸುತ್ತವೆ. ಡಿಕ್ಷನರಿಯಲ್ಲಿ ಈ ಅಳತೆ ತಪ್ಪಿದರೆ ಮುಂದಿನದೆಲ್ಲ ತಪ್ಪು. ಕೈಪಿಡಿಯೊಂದನ್ನೇ ನಂಬದೆ, ರೇಡಿಯಸ್ ಬಳಸುವ 1812ನೇ ಪೋರ್ಟಿನ ಪ್ಯಾಕೆಟ್ ಹಿಡಿದು ವೈರ್‌ಶಾರ್ಕ್ ತಂತ್ರಾಂಶದಲ್ಲಿ ಬೈಟುಗಳನ್ನು ಎಣಿಸಿ.

ಎಲ್ಲ ಕಂಪನಿಗಳ ಆಟ್ರಿಬ್ಯೂಟುಗಳನ್ನೂ ಎಲ್ಲರಿಗೂ ಕಳಿಸುವ ಅಡ್ಡದಾರಿ ಖಂಡಿತ ಬೇಡ. ಸಿಸ್ಕೊದ ‘ಪ್ರಿವಿಲೇಜ್ ಲೆವೆಲ್ 15’ ಸಾಮಾನ್ಯ ಉತ್ತರದಲ್ಲಿ ಸೇರಿಕೊಂಡರೆ, ಸಾಧನದೊಳಕ್ಕೆ ಲಾಗಿನ್ ಆದವರಿಗೆ ಪೂರ್ಣಾಧಿಕಾರ ಸಿಗಬಹುದು. ಯಾವ ಸಾಧನ ಕೇಳುತ್ತಿದೆ ಎಂದು ನೋಡಿ, ಅದಕ್ಕೆ ಬೇಕಾದಷ್ಟನ್ನೇ ಕೊಡಿ. ವಿದ್ಯಾಸಂಸ್ಥೆಗಳು ಹಂಚಿಕೊಳ್ಳುವ ವೈಫೈ ಜಾಲ ಎಜುರೋಮ್‌ನಂತೆ ಬೇರೆ ಸಂಸ್ಥೆಯ ಸರ್ವರ್‌ನಿಂದ ಉತ್ತರ ಬರುವ ಕಡೆ, ಅದರಲ್ಲಿರುವ ಕಂಪನಿ ಆಟ್ರಿಬ್ಯೂಟುಗಳನ್ನು ನಿಮ್ಮ ಗಡಿಯಲ್ಲೇ ಸೋಸಿ ತೆಗೆಯಿರಿ. ಫ್ರೀರೇಡಿಯಸ್‌ನ ಆಟ್ರಿಬ್ಯೂಟ್ ಫಿಲ್ಟರ್ ಮಾಡ್ಯೂಲ್ ಈ ಕೆಲಸಕ್ಕೇ ಇದೆ.