ತಿದ್ದಿದ್ದು ಒಂದು ಪದ, ಬದಲಾಗಿದ್ದು ಇಡೀ ಫೈಲ್

ಒಂದು ಓಪನ್ ಸೋರ್ಸ್ ತಂತ್ರಾಂಶದ ಕೈಪಿಡಿಯಲ್ಲಿ ಹಳೆಯ ಕಮಾಂಡ್ ಹಾಗೇ ಉಳಿದಿತ್ತು. ಅದೊಂದನ್ನೇ ತಿದ್ದಿ ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದೆ. ತೆರೆದು ನೋಡಿದರೆ ಫೈಲಿನ ಅಷ್ಟೂ ಸಾಲು ಬದಲಾದಂತೆ ಕಾಣುತ್ತಿತ್ತು! ಪರಿಶೀಲಿಸುವವರು ನನ್ನ ತಿದ್ದುಪಡಿಯನ್ನು ಎಲ್ಲಿ ಅಂತ ಹುಡುಕಬೇಕು?

ಕಾರಣ ಸಾಲಿನ ಕೊನೆಯಲ್ಲಿತ್ತು. ಲಿನಕ್ಸ್‌ನಲ್ಲಿ ಸಾಲು ಮುಗಿಯುವುದು ಎಲ್‌ಎಫ್ ಎಂಬ ಒಂದೇ ಗುರುತಿನಿಂದ; ವಿಂಡೋಸ್‌ನಲ್ಲಿ ಅದಕ್ಕೂ ಮೊದಲು ಸಿಆರ್ ಎಂಬ ಇನ್ನೊಂದು ಗುರುತು ಕೂಡ ಇರುತ್ತದೆ. ನನ್ನ ಎಡಿಟರ್ ಸೇವ್ ಮಾಡುವಾಗ ಎಲ್ಲ ಸಾಲಿಗೂ ಸಿಆರ್ ಸೇರಿಸಿತ್ತು. ನಮ್ಮ ಕಣ್ಣಿಗೆ ಕಾಣದು, ಫೈಲಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಕಾಣುತ್ತದೆ.

ಎಡಿಟರ್‌ನಲ್ಲಿ ಎಲ್‌ಎಫ್ ಆರಿಸಿ ಮತ್ತೆ ಸೇವ್ ಮಾಡಿದೆ. ಮುಂದೆ ಹೀಗಾಗದಿರಲಿ ಎಂದು, ಬದಲಾವಣೆ ದಾಖಲಿಸುವಾಗ ಸಿಆರ್ ತೆಗೆಯುವ ಗಿಟ್‌ನ ಆಟೊಸಿಆರ್‌ಎಲ್‌ಎಫ್ ಸೆಟಿಂಗನ್ನು ಟ್ರೂ ಮಾಡಿಟ್ಟೆ. ಹೊಸ ಪುಲ್ ರಿಕ್ವೆಸ್ಟ್ ಬೇಕಾಗಲಿಲ್ಲ. ಹಳೆಯ ಕಮಿಟನ್ನೇ (ಮೊದಲು ದಾಖಲಿಸಿದ್ದ ಬದಲಾವಣೆ) ಅಮೆಂಡ್ ಮಾಡಿ, ಅಂದರೆ ತಿದ್ದಿ, ನನ್ನ ಕೆಲಸದ ಕವಲಾದ ಅದೇ ಬ್ರ್ಯಾಂಚ್‌ಗೆ ಫೋರ್ಸ್ ಪುಶ್ ಕೊಟ್ಟೆ; ಹಳೆಯದರ ಜಾಗಕ್ಕೆ ಹೊಸದು ಬಂತು. ಈಗ ಬದಲಾದ ಸಾಲುಗಳನ್ನು ತೋರಿಸುವ ಡಿಫ್‌ನಲ್ಲಿ ಒಂದೇ ಒಂದು ಸಾಲು.