ಔಷಧಿಯ ಡ್ರಾಯರಿನಿಂದ ಅಟ್ಟದವರೆಗೆ: ಹಳೆಯ ಮನೆಯನ್ನು ಹಗುರ ಮಾಡಿದ ನನ್ನ ಅನುಭವ

ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ ಹೆಂಚಿನ ಮನೆಯಲ್ಲಿ ಮೂರು ತಲೆಮಾರಿನ ಸಾಮಾನು ತುಂಬಿತ್ತು. ಮಳೆಗಾಲದ ನಾಲ್ಕು ತಿಂಗಳು ಪೇಟೆಯ ದಾರಿಯೇ ಕಷ್ಟವಾಗಿದ್ದ ಕಾಲದಲ್ಲಿ ಬದುಕಿದ ಹಿರಿಯರು ಒಂದು ಮಾರು ಹಗ್ಗವನ್ನೂ, ಹಿಡಿ ಮುರಿದ ಕತ್ತಿಯನ್ನೂ ಎಂದಾದರೂ ಬೇಕಾದೀತೆಂದು ಎತ್ತಿಟ್ಟಿದ್ದರು. ಅದರ ಮೇಲೆ ನಮ್ಮ ಕಾಲದ ಪ್ಲಾಸ್ಟಿಕ್ ಡಬ್ಬಿಗಳು, ರಟ್ಟಿನ ಪೆಟ್ಟಿಗೆಗಳು, ಬೆಂಗಳೂರು ಸೇರಿದ ಮಕ್ಕಳ ಕಾಲೇಜು ಪುಸ್ತಕಗಳು ಬಂದು ಕೂತವು. ಕೊನೆಗೆ ಅತಿಥಿಗಳಿಗೆಂದು ಇದ್ದ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುವಂತಾಗಿತ್ತು.

ಮೂರು ವರ್ಷಗಳ ಹಿಂದೆ ದೀಪಾವಳಿಗೆ ಮೊದಲು, ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಹುಮ್ಮಸ್ಸಿನಿಂದ ಅಟ್ಟದ ಸಾಮಾನನ್ನೆಲ್ಲ ಹಜಾರಕ್ಕೆ ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ, ಸಂಜೆಗೆ ಮಳೆ ಹಿಡಿಯಿತು. ರಾತ್ರಿ ಎಂಟರ ನಂತರ ಎಲ್ಲವನ್ನೂ ಬಂದ ದಾರಿಯಲ್ಲೇ ಮೇಲೆ ಹತ್ತಿಸಿದೆವು. ಆಮೇಲೆ ಒಂದು ವರ್ಷ ನಾನು ಅಟ್ಟದ ಏಣಿಯ ಕಡೆ ನೋಡಲೇ ಇಲ್ಲ. ಅಂದು ನನ್ನನ್ನು ದಣಿಸಿದ್ದು ಹೊರೆಯಲ್ಲ ಎಂಬುದು ನಿಧಾನವಾಗಿ ಅರ್ಥವಾಯಿತು. ಕೈಗೆ ಬಂದ ಪ್ರತಿಯೊಂದು ವಸ್ತುವಿಗೂ ಬೇಕೇ ಬೇಡವೇ ಎಂದು ಉತ್ತರಿಸಬೇಕು, ಅದರಲ್ಲಿ ಅರ್ಧದಷ್ಟಕ್ಕೆ ಯಾರದೋ ನೆನಪು ಅಂಟಿಕೊಂಡಿರುತ್ತದೆ, ಅಂಥ ಉತ್ತರಗಳನ್ನು ದಿನಕ್ಕೆ ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚು ಕೊಡಲು ಮನಸ್ಸಿಗೆ ಶಕ್ತಿಯಿರುವುದಿಲ್ಲ.

ಹಾಗಾಗಿ ಎರಡನೆಯ ಸಲ ಯಾವ ನೆನಪೂ ಇಲ್ಲದ ಜಾಗದಿಂದ, ಎಂದರೆ ಊಟದ ಮನೆಯ ಗೋಡೆ ಬೀರುವಿನಲ್ಲಿದ್ದ ಔಷಧಿಯ ಡ್ರಾಯರಿನಿಂದ, ಆರಂಭಿಸಿದೆ. ಅದನ್ನು ಪೂರ್ತಿಯಾಗಿ ಹೊರತೆಗೆದು ಹಳೆಯ ಪೇಪರಿನ ಮೇಲೆ ಸುರಿದೆ. ಅರ್ಧ ಬಳಸಿದ ಮಾತ್ರೆಗಳ ಶೀಟುಗಳು, ಬಾಯಿ ಗಟ್ಟಿಯಾದ ಮುಲಾಮಿನ ಟ್ಯೂಬುಗಳು, ಅಂಟಂಟಾದ ಕೆಮ್ಮಿನ ಸಿರಪ್ಪಿನ ಬಾಟಲಿಗಳು, ಮಕ್ಕಳು ಚಿಕ್ಕವರಿದ್ದಾಗ ಕೊಂಡ ಪಾದರಸದ ಥರ್ಮಾಮೀಟರು, ಐದು ಚಿಕ್ಕ ಅಳತೆ ಲೋಟಗಳು ಸಿಕ್ಕವು. ಇಲ್ಲಿ ನಾನು ಯೋಚಿಸಬೇಕಾದ್ದೇ ಇರಲಿಲ್ಲ. ದಿನಾಂಕ ಮೀರಿತ್ತೋ ಇಲ್ಲವೋ ಎಂದು ನೋಡಿದರೆ ಸಾಕಿತ್ತು. ಅವಧಿ ಮುಗಿದ ಮಾತ್ರೆಗಳನ್ನು ಶೀಟಿನಿಂದ ಬಿಡಿಸಿ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದೊಂದಿಗೆ ಕಲಸಿ, ಯಾರೂ ಬಾಯಿಗೆ ಹಾಕಲಾಗದಂತೆ ಮಾಡಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಕೊಟ್ಟೆ. ಪಾದರಸ ಚೆಲ್ಲಿದರೆ ಅಪಾಯವಾದ್ದರಿಂದ ಥರ್ಮಾಮೀಟರನ್ನು ಒಡೆಯದಂತೆ ಬಟ್ಟೆಯಲ್ಲಿ ಸುತ್ತಿ, ಕೆಟ್ಟ ಟ್ಯೂಬ್‌ಲೈಟುಗಳ ಜೊತೆಗೆ ಬೇರೆಯಾಗಿ ಇಟ್ಟೆ. ಇದಕ್ಕೆಲ್ಲ ಹಿಡಿದದ್ದು ಮುಕ್ಕಾಲು ಗಂಟೆ. ಆ ದಿನ ಮತ್ತೇನನ್ನೂ ಮುಟ್ಟಲಿಲ್ಲ, ಆದರೆ ಸಂಜೆ ಎರಡು ಮೂರು ಸಲ ಆ ಡ್ರಾಯರನ್ನು ಸುಮ್ಮನೆ ಎಳೆದು ನೋಡಿದೆ. ಆ ಸಂತೋಷವೇ ಮರುದಿನ ನನ್ನನ್ನು ಮಸಾಲೆ ಡಬ್ಬಿಗಳ ಕಪಾಟಿನ ಮುಂದೆ ನಿಲ್ಲಿಸಿತು. ದಿನಕ್ಕೆ ಒಂದು ಡ್ರಾಯರು ಅಥವಾ ಒಂದು ಹಲಗೆ ಎಂಬ ಲೆಕ್ಕದಲ್ಲಿ ಅಡುಗೆಮನೆ ಹದಿನೆಂಟು ದಿನಗಳಲ್ಲಿ ಮುಗಿಯಿತು.

ಬೇಡವೆಂದದ್ದು ಆ ವಾರವೇ ಮನೆಯಿಂದ ಹೊರಗೆ ಹೋಗಬೇಕೆಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ. ಜಗಲಿಯ ಮೂಲೆಯಲ್ಲಿ ಇಟ್ಟ ಮೂಟೆ ಹದಿನೈದು ದಿನ ಅಲ್ಲೇ ಉಳಿದರೆ, ಯಾರಾದರೂ ಅದನ್ನು ಬಿಚ್ಚಿ ಒಂದೊಂದಾಗಿ ಒಳಗೆ ತರುತ್ತಾರೆ. ಸೋಮವಾರ ಮೂಡಿಗೆರೆಗೆ ಹೋಗುವ ಜೀಪಿನಲ್ಲಿ ಗುಜರಿ ಅಂಗಡಿಯ ಮೂಟೆಗೆ ಜಾಗವಿರಲೇಬೇಕೆಂದು ಯಜಮಾನರಿಗೆ ಹೇಳಿಟ್ಟಿದ್ದೆ. ನಮ್ಮ ಕಡೆ ಪ್ಲಾಸ್ಟಿಕ್ಕನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ಆ ಹೊಗೆ ವಿಷ, ಅದನ್ನು ಮೊದಲು ಕುಡಿಯುವವರು ನೀರು ಕಾಯಿಸುವವರೇ. ದಯವಿಟ್ಟು ಹಾಗೆ ಮಾಡಬಾರದು.

ಅಟ್ಟಕ್ಕೆ ಕಾಲ ನೋಡಿ ಹತ್ತಿದೆ. ತೋಟದ ರೊಬಸ್ಟಾ ಕಾಫಿ ಒಣಗಿ ಮೂಟೆಯಾದ ಮೇಲೆ, ಮಾರ್ಚಿನಲ್ಲಿ, ಕಣ ಖಾಲಿಯಿರುತ್ತದೆ, ಬಿಸಿಲೂ ಚೆನ್ನಾಗಿರುತ್ತದೆ. ಒಂದು ಬೆಳಿಗ್ಗೆಗೆ ಒಂದು ಮೂಲೆಯ ಸಾಮಾನನ್ನು ಮಾತ್ರ ಇಳಿಸಿ ಕಣದಲ್ಲಿ ಹರಡಿದೆವು. ಹಜಾರದ ಮಬ್ಬಿನಲ್ಲಿ ಉಪಯೋಗಕ್ಕೆ ಬರುವಂತೆ ಕಂಡಿದ್ದ ಗೋಣಿಚೀಲಗಳು ಬಿಸಿಲಿನಲ್ಲಿ ಇಲಿ ಕಡಿದ ತೂತುಗಳನ್ನು ತೋರಿಸಿದವು. ಕಂಬಳಿಗಳ ಬೂಷ್ಟು, ರಟ್ಟಿನ ಪೆಟ್ಟಿಗೆಗಳ ತಳದ ಗೆದ್ದಲಿನ ಮಣ್ಣು ಎಲ್ಲವೂ ಕಣ್ಣಿಗೆ ಬಿದ್ದವು, ತೀರ್ಮಾನ ಸುಲಭವಾಯಿತು.

ಕಾಗದಪತ್ರಗಳ ವಿಷಯದಲ್ಲಿ ಮಾತ್ರ ನಾನು ತಪ್ಪು ಮಾಡಿದೆ. ಮಾವನವರ ಟ್ರಂಕಿನಲ್ಲಿದ್ದ ಕಟ್ಟುಗಳಲ್ಲಿ ಕಾಫಿ ಬೋರ್ಡಿನ ಪೂಲಿಗೆ, ಎಂದರೆ ಬೋರ್ಡೇ ಎಲ್ಲರ ಬೆಳೆಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ವ್ಯವಸ್ಥೆಗೆ, ಕಾಫಿ ಕೊಟ್ಟ ಕಾಲದ ರಶೀದಿಗಳು ಬಹಳವಿದ್ದವು. 1996ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ಬಂದ ಮೇಲೆ ಅವುಗಳಿಂದ ಕೆಲಸವಿಲ್ಲವೆಂದುಕೊಂಡು, ಒಳಗೆ ಬಿಚ್ಚಿ ನೋಡದೆ ಮೂರು ಕಟ್ಟುಗಳನ್ನು ಗುಜರಿಗೆ ಕಳಿಸಿಬಿಟ್ಟೆ. ಸಂಜೆ ಅತ್ತೆ, "ಅವರ ಮಳೆ ಪುಸ್ತಕ ಎಲ್ಲಿಟ್ಟೆಯಮ್ಮ?" ಎಂದು ಕೇಳಿದಾಗ ಎದೆ ಧಸಕ್ಕೆಂದಿತು. ದಿನವೂ ಬೆಳಿಗ್ಗೆ ಮಳೆ ಮಾಪಕ ನೋಡಿ, ನಮ್ಮ ತೋಟಗಳ ರೂಢಿಯಂತೆ ಇಂಚು, ಸೆಂಟ್ಸ್‌ಗಳಲ್ಲಿ (ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟ್) ಮಾವನವರು ಬರೆದಿಟ್ಟಿದ್ದ ಆರು ಪುಸ್ತಕಗಳು ಆ ಕಟ್ಟುಗಳಲ್ಲಿದ್ದವು. ಮರುದಿನ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ನಾಲ್ಕು ಪುಸ್ತಕಗಳು ಸಿಕ್ಕವು, ಎರಡು ಹಿಂದಿನ ಸಂಜೆಯ ಲಾರಿಯಲ್ಲಿ ಹೋಗಿದ್ದವು. ಅತ್ತೆ ಒಂದು ಮಾತೂ ಆಡಲಿಲ್ಲ. ಸಿಕ್ಕಿದ ಪುಸ್ತಕದಲ್ಲಿ ಅವರ ಮದುವೆಯ ವರ್ಷದ ಜುಲೈ ಪುಟವನ್ನು ತೆಗೆದು, ಪೆನ್ಸಿಲಿನ ಆ ಚಿಕ್ಕ ಅಂಕೆಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತಿದ್ದರು.

ಅಂದಿನಿಂದ ಕಾಗದಗಳನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡೆ, ಒಂದೊಂದು ಹಾಳೆಯನ್ನೂ ಇಬ್ಬರು ನೋಡಿದ ನಂತರವೇ ಬಿಟ್ಟೆವು. ಕ್ರಯಪತ್ರ, ವಿಭಾಗಪತ್ರ, ಸರ್ವೆ ನಕ್ಷೆ, ಕಂದಾಯ ರಶೀದಿ, ಕೈಬರಹದ ಹಳೆಯ ಪಹಣಿಗಳು ತಗಡಿನ ಪೆಟ್ಟಿಗೆ ಸೇರಿದವು. ಭೂಮಿ ಯೋಜನೆಯ ನಂತರದ ಗಣಕೀಕೃತ ಪಹಣಿಯನ್ನು ಯಾವಾಗ ಬೇಕಾದರೂ ತೆಗೆಸಬಹುದಾದ್ದರಿಂದ ಅದರ ಹತ್ತಾರು ಪ್ರತಿಗಳನ್ನು ಹರಿದು ಹಾಕಿದೆವು.

ಅತ್ತೆಯ ವಸ್ತುಗಳನ್ನು ಅವರ ಎದುರಿನಲ್ಲಿ, ಅವರ ಕೈಯಿಂದಲೇ ಎತ್ತಿಸಿದೆ. "ಇದು ಬೇಡ ಅಲ್ಲವೇ?" ಎಂದು ಕೇಳಿದರೆ ಎಲ್ಲವೂ ಬೇಕು ಎನ್ನುತ್ತಿದ್ದವರು, "ಈ ಮೂರು ಶಾವಿಗೆ ಒರಳುಗಳಲ್ಲಿ ಯಾವುದು ಚೆನ್ನಾಗಿ ಒತ್ತುತ್ತದೆ ಅತ್ತೆ?" ಎಂದಾಗ ಒಂದನ್ನು ಆರಿಸಿ, ಉಳಿದ ಎರಡನ್ನು ಯಾವ ಮನೆಗೆ ಕೊಡಬೇಕೆಂದೂ ತಾವೇ ಹೇಳಿದರು. ನಾಟಿಯ ಕಾಲದಲ್ಲಿ ಮಳೆಗೆ ತಲೆಯ ಮೇಲಿಂದ ಹೊದೆಯುತ್ತಿದ್ದ ಗೊರಬುಗಳಲ್ಲಿ ಒಂದು ಮಾತ್ರ ಗಟ್ಟಿಯಿತ್ತು. ಅದನ್ನು ಜಗಲಿಯ ಗೋಡೆಗೆ ನೇತುಹಾಕಿದ್ದೇವೆ.

ಅತಿಥಿ ಕೋಣೆಯ ಬಾಗಿಲು ಈಗ ಪೂರ್ತಿ ತೆರೆಯುತ್ತದೆ. ಕೊಟ್ಟಿಗೆಯ ಮೇಲಿನ ಅಟ್ಟ ಇನ್ನೂ ಹಾಗೆಯೇ ಇದೆ, ಅದಕ್ಕೆ ಬರುವ ಮಾರ್ಚಿನವರೆಗೆ ಕಾಯಬೇಕು. ಅತ್ತೆಯ ಮಂಚದ ಕೆಳಗಿನ ಹಸಿರು ಟ್ರಂಕನ್ನು ತೆರೆಯುವ ಮಾತನ್ನು ನಾನು ಎತ್ತಿಲ್ಲ.