ಗಡಿಗೆ ತೂಗಿ ಗುಪ್ತೋಷ್ಣ ಕಲಿಸಿದ್ದು: ನನ್ನ ಅನುಭವ

ಬಾಷ್ಪೀಕರಣ (ನೀರು ಆವಿಯಾಗುವುದು), ಗುಪ್ತೋಷ್ಣ (ಹಾಗೆ ಆವಿಯಾಗುವಾಗ ಅದು ಹೀರುವ ಶಾಖ) ಎರಡೂ ಒಂಬತ್ತನೇ ತರಗತಿಯ ಮೊದಲ ಪಾಠದಲ್ಲೇ ಬರುತ್ತವೆ. ಅಂದರೆ ಜೂನ್‌ನಲ್ಲಿ. ಕಲಬುರಗಿಯಲ್ಲಿ ಮಳೆ ಹಿಡಿದ ಮೇಲೆ ಗಡಿಗೆ ನೀರು ಅಷ್ಟಕ್ಕಷ್ಟೇ ತಣ್ಣಗಾಗುತ್ತದೆ. ಪುಸ್ತಕ ಹೇಳಿದ್ದು ಕೈಗೆ ಹತ್ತುವುದಿಲ್ಲ. ಅದಕ್ಕೇ ಗಡಿಗೆ ತೂಗಿ, ಆವಿಯಾದ ನೀರಿಗೆ ಎಷ್ಟು ಡಿಗ್ರಿ ತಣ್ಣಗಾಗಬೇಕೆಂದು ಲೆಕ್ಕ ಹಾಕಿ, ಥರ್ಮಾಮೀಟರಿಗೆ ಹೋಲಿಸುವ ಪ್ರಯೋಗವನ್ನು ಫೆಬ್ರವರಿಗೆ ಎಳೆದೆ. "ಪೋರ್ಷನ್ ಮುಗದದ್ದು ಮತ್ಯಾಕ್ರಿ ಸರ್" ಅಂದವರೇ ಹೆಚ್ಚು. ಎರಡು ವರ್ಷ ಲೆಕ್ಕ ಕೂಡಲಿಲ್ಲ, ಮೂರನೇ ವರ್ಷ ಕೂಡಿತು.

ಮೊದಲು ದುಡ್ಡು ಹೋದದ್ದು ಸ್ಪ್ರಿಂಗ್ ತಕ್ಕಡಿಗೆ, 350 ರೂಪಾಯಿ. ಅದರ ಒಂದೊಂದು ಗೆರೆ 50 ಗ್ರಾಂ. ನಮಗೆ ಅಳೆಯಬೇಕಾದದ್ದೇ ಅಷ್ಟು. ಆಮೇಲೆ ತಂದ 10 ಕಿಲೋದ ಅಡುಗೆಮನೆ ಡಿಜಿಟಲ್ ತಕ್ಕಡಿ 450ರ ಆಸುಪಾಸು. ಅದು ತಾನಾಗಿ ಆಫ್ ಆಗಿ ಟೇರ್ (ಪಾತ್ರೆಯ ತೂಕ ಕಳೆದು ಸೊನ್ನೆಗೆ ತಂದದ್ದು) ಮರೆಯುತ್ತದೆ, ಹಾಗಾಗಿ ಪ್ರತಿ ಸಲ ಪೂರ್ತಿ ತೂಕವನ್ನೇ ಬರೆಸಿ. ತೂಗುವಾಗ ಫ್ಯಾನ್ ಬಂದ್. ಗಡಿಗೆ ಕೂರಿಸಲು ಬಟ್ಟೆಯ ಸಿಂಬಿ ಬೇಡ, ನೀರು ಹೀರುತ್ತದೆ. 4 ಇಂಚಿನ ಪಿವಿಸಿ ಪೈಪಿನ ತುಂಡು ಸಾಕು. ಕೆಳಗಿನ ತಟ್ಟೆಯನ್ನೂ ಸೇರಿಸಿ ತೂಗಬೇಕು, ಇಲ್ಲದಿದ್ದರೆ ತೊಟ್ಟಿಕ್ಕಿದ್ದೆಲ್ಲ ಆವಿಯ ಲೆಕ್ಕಕ್ಕೆ ಹೋಗುತ್ತದೆ.

ದೊಡ್ಡ ತಪ್ಪು ಬೇರೆಯೇ ಇತ್ತು. 5 ಲೀಟರ್ ತುಂಬಿ ಬೆಳಿಗ್ಗೆ 11ರಿಂದ 4ರವರೆಗೆ ಇಟ್ಟರೆ 240 ಗ್ರಾಂ ಹೋಗುತ್ತಿತ್ತು. ಗ್ರಾಂ ಆವಿಗೆ 2.4 ಕಿಲೋಜೌಲ್ ಗುಪ್ತೋಷ್ಣ ಹಿಡಿದರೆ 576 ಕಿಲೋಜೌಲ್. ಆ ಲೆಕ್ಕಕ್ಕೆ 33 ಡಿಗ್ರಿಯ ನೀರು 6ಕ್ಕೆ ಬರಬೇಕು, ಬಂದದ್ದು 25ಕ್ಕೆ. ಗಡಿಗೆ ತಣ್ಣಗಾದಂತೆಲ್ಲ ಹೊರಗಿನ ಬಿಸಿ ಒಳಗೆ ಬರುತ್ತಿರುತ್ತದೆ, ಆವಿಯ ಬಹುಪಾಲು ಅದನ್ನು ಹೊರಹಾಕುವುದರಲ್ಲೇ ಖರ್ಚು. ಆದ್ದರಿಂದ ಮೊದಲ 45 ನಿಮಿಷವನ್ನಷ್ಟೇ ನಂಬಬೇಕು.

ಆದರೆ ಒಣ ಗಡಿಗೆ 45 ನಿಮಿಷದಲ್ಲಿ ಸರಿಯಾಗಿ ಒಸರುವುದೇ ಇಲ್ಲ, ನೆನೆದದ್ದಾದರೆ ಆಗಲೇ ತಣ್ಣಗಾಗಿರುತ್ತದೆ. ದಾರಿ ಇದು: ಹಿಂದಿನ ದಿನವೇ ಎರಡು ಗಡಿಗೆ ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಪಡಸಾಲೆಯಲ್ಲೇ ಇಡಿ. ನೆನೆಯುತ್ತದೆ, ಆದರೆ ಆವಿಯಾಗುವುದಿಲ್ಲ. ಮರುದಿನ ಮಧ್ಯಾಹ್ನ ಒಂದು ಗಡಿಗೆಯ ಚೀಲ ಬಿಚ್ಚಿ, ಇನ್ನೊಂದು ಹಾಗೇ ಇರಲಿ. ಹೋಲಿಕೆಗೆಂದು ಮೊದಲ ವರ್ಷ ಒಂದಕ್ಕೆ ಆಯಿಲ್ ಪೇಂಟ್ ಬಳಿದು ಕೂತಿದ್ದೆ, ಆ 90 ರೂಪಾಯಿ ದಂಡ. ಮಾಳಿಗೆ ಟ್ಯಾಂಕಿನ ನೀರು ಬಿಸಿ ಇರುತ್ತದೆ, ನೇರ ಬಳಸಬೇಡಿ. ತಾಪ ನೋಡುವ ಮುಂಚೆ ಮರದ ಸ್ಕೇಲಿನಿಂದ ಕಲಕಿ. ತಣ್ಣೀರು ತಳಕ್ಕಿಳಿದು ಮೇಲೆ ಒಂದೆರಡು ಡಿಗ್ರಿ ಹೆಚ್ಚು ತೋರಿಸುತ್ತದೆ.

ಕೊನೆಗೆ ಬಂದ ಅಂಕಿ: 48 ಗ್ರಾಂ ಇಳಿಕೆ, 115 ಕಿಲೋಜೌಲ್. 2 ಕಿಲೋ ಗಡಿಗೆಗೆ ಅರ್ಧ ಕಿಲೋ ನೀರಿನಷ್ಟು ಪಾಲು ಸೇರಿಸಿದರೆ ಲೆಕ್ಕ 5 ಡಿಗ್ರಿ, ಥರ್ಮಾಮೀಟರ್ ನಾಲ್ಕೂವರೆ. ಸಾವಿರ ರೂಪಾಯಿಯೊಳಗಿನ ಸಾಮಾನಿನಲ್ಲಿ ಇಷ್ಟು ಹತ್ತಿರ ಬಂದದ್ದು ಬೇರೆಲ್ಲೂ ನಾನು ನೋಡಿಲ್ಲ. ಚೀಲದ ಗಡಿಗೆಯ ತಾಪ ಅಲ್ಲಾಡಲಿಲ್ಲ.

ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಹಳೇ ಗಡಿಗೆಯ ರಂಧ್ರ ಬಿಡಿಸುವ ಉಪಾಯ ನನ್ನ ಬಳಿ ಇದೆ, ಅದನ್ನು ಸದ್ಯ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹೊಸದೇ ಕೊಳ್ಳಿ.

ಅದೇ ಥರ್ಮಾಮೀಟರಿನಿಂದ ಶಹಾಬಾದ್ ಪರಸಿಯ (ನೆಲಕ್ಕೆ ಹಾಸುವ ಸುಣ್ಣಕಲ್ಲು) ವಿಶಿಷ್ಟೋಷ್ಣವನ್ನೂ, ಅಂದರೆ ಒಂದು ಕಿಲೋ ಒಂದು ಡಿಗ್ರಿ ಏರಲು ಬೇಕಾದ ಶಾಖವನ್ನೂ, ನೋಡಿದೆವು. ಅರ್ಧ ಕಿಲೋ ತುಂಡನ್ನು ಅರ್ಧ ಗಂಟೆ ಕುದಿಸಿ, ತಟ್ಟನೆ ಒರೆಸಿ, 1 ಲೀಟರ್ ನೀರಿಗೆ ಹಾಕಿದರೆ ಆರು ಡಿಗ್ರಿ ಏರಿತು, ಸುಣ್ಣಕಲ್ಲಿಗೆ ಒಪ್ಪುವಷ್ಟೇ. ಕಲ್ಲನ್ನು ನೇರ ಉರಿಗೆ ಹಿಡಿಯಬೇಡಿ, ಪದರ ಸಿಡಿಯಬಹುದು.

ಜುಲೈನಲ್ಲಿ ಮಳೆಯ ದಿನ ಅದೇ ಗಡಿಗೆಯನ್ನು ಮತ್ತೆ ತೂಗಿಸಿದೆ. 45 ನಿಮಿಷಕ್ಕೆ 8 ಗ್ರಾಂ, ಇಳಿಕೆ ಮುಕ್ಕಾಲು ಡಿಗ್ರಿ. ಫೆಬ್ರವರಿಯ ಅಂಕಿಯನ್ನು ಪಕ್ಕದಲ್ಲಿ ಬರೆದ ಮೇಲೆ ಆರ್ದ್ರತೆಯ ಪಾಠಕ್ಕೆ ಬೇರೆ ಉದಾಹರಣೆ ಹುಡುಕಲಿಲ್ಲ.